ರಾಷ್ಟ್ರಕವಿ ಕುವೆಂಪು: ಜೀವನ ಪರಿಚಯ ಹಾಗೂ ಸಾಹಿತ್ಯ ಪ್ರವಾಸದ ಸ್ಥಳಗಳು

ಕುವೆಂಪು ಅವರ ಬದುಕು ಮತ್ತು ಕಾದಂಬರಿಗಳಿಗೆ ಸಂಬಂಧಿಸಿದ ಸ್ಥಳಗಳನ್ನು ಸಂದರ್ಶಿಸಬಯಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬಹಳಷ್ಟು ಪ್ರವಾಸಿಗರು ಕುಪ್ಪಳಿಯನ್ನು ಅರ್ಧ ದಿನದಲ್ಲಿ ನೋಡಿ ಹಿಂದಿರುಗುತ್ತಾರೆ. ಆದರೆ ಮಲೆನಾಡಿನ ಆ ಕಾದಂಬರಿಗಳು ರೂಪುಗೊಂಡದ್ದು ಕವಿಯ ಮೈಸೂರಿನ ದಿನಗಳಲ್ಲಿ. ಆದ್ದರಿಂದ ಮಲೆನಾಡು ಮತ್ತು ಮೈಸೂರು ಎರಡನ್ನೂ ಒಳಗೊಂಡ ಪ್ರವಾಸವೇ ಪೂರ್ಣವೆನಿಸುತ್ತದೆ.

ಬಾಲ್ಯ

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು 1904ರ ಡಿಸೆಂಬರ್ 29ರಂದು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ವೆಂಕಟಪ್ಪಗೌಡರು, ತಾಯಿ ಸೀತಮ್ಮನವರು. ಬೆಳೆದದ್ದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ತೀರ್ಥಹಳ್ಳಿಯಲ್ಲಿ ಆರಂಭದ ಶಿಕ್ಷಣ ಮುಗಿಸಿ, ಪ್ರೌಢಶಾಲೆಗಾಗಿ ಮೈಸೂರಿಗೆ ತೆರಳಿದರು. ಅಲ್ಲಿಂದ ಮುಂದೆ ಅವರ ಜೀವಿತದ ಬಹುಭಾಗ ಊರಿನಿಂದ ದೂರದಲ್ಲಿಯೇ ಕಳೆಯಿತು.

ಮೈಸೂರಿನ ದಿನಗಳು

ಪ್ರಾರಂಭದಲ್ಲಿ ಅವರು ಕವಿತೆಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ಕವಿತೆಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆ ನೀಡಿದರು. ಯುವಕನಿಗೆ ಮೊದಲಿಗೆ ಈ ಮಾತು ಹಿತವೆನಿಸದಿದ್ದರೂ, ಕನ್ನಡದ ಕಡೆಗೆ ಹೊರಳಲು ಅದೇ ಕಾರಣವಾಯಿತು. ಶ್ರೀ ರಾಮಕೃಷ್ಣ ಆಶ್ರಮದಲ್ಲಿ ಹಲವು ವರ್ಷ ನೆಲೆಸಿದ್ದ ಅವರು 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಕೆಲಕಾಲ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಸೇವೆ ಸಲ್ಲಿಸಿದರು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು, ಮಾನಸಗಂಗೋತ್ರಿ ಆವರಣವನ್ನು ರೂಪಿಸಿದರು.

ಕಾದಂಬರಿಗಳು

‘ಕಾನೂರು ಹೆಗ್ಗಡಿತಿ’ 1936ರಲ್ಲಿಯೂ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿಯೂ ಪ್ರಕಟವಾದವು. ಅಡಕೆ ತೋಟ, ಗದ್ದೆ, ಹೆಗ್ಗಡೆ ಮನೆತನ, ಕಾಡುದಾರಿ ಇವು ಎರಡರಲ್ಲಿಯೂ ಬರುತ್ತವೆ. ಎರಡನೆಯ ಕಾದಂಬರಿಯಲ್ಲಿ ದುಡಿಯುವ ಗುತ್ತಿಗೂ ಅವನ ನಾಯಿ ಹುಲಿಯನಿಗೂ ಒಡೆಯರಿಗೆ ಸಮನಾದ ಸ್ಥಾನ ದೊರೆತಿದೆ. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1955ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಹಾಗೂ 1967ರ ಜ್ಞಾನಪೀಠ ಪ್ರಶಸ್ತಿ ಸಂದವು. ಜ್ಞಾನಪೀಠವು ಕನ್ನಡಕ್ಕೆ ದೊರೆತದ್ದು ಅದೇ ಮೊದಲು. 1992ರಲ್ಲಿ ಕರ್ನಾಟಕ ರತ್ನ ಪ್ರಶಸ್ತಿ ನೀಡಿ ಗೌರವಿಸಲಾಯಿತು.

1994ರ ನವೆಂಬರ್ 11ರಂದು ಕುವೆಂಪು ಅವರು ಮೈಸೂರಿನಲ್ಲಿ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಕುಪ್ಪಳಿಗೆ ತಂದು ಅಂತ್ಯಕ್ರಿಯೆ ನೆರವೇರಿಸಲಾಯಿತು. ಓದಿಗಾಗಿ ಊರು ಬಿಟ್ಟ ಬಾಲಕ ಹೀಗೆ ತನ್ನ ಬೆಟ್ಟಕ್ಕೆ ಹಿಂದಿರುಗಿದನು.

ಪ್ರವಾಸದ ವಿವರ

1. ಕುಪ್ಪಳಿ: ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಅಲ್ಲಿಂದ ಕೊಪ್ಪದ ಕಡೆಗೆ ಸಾಗಿ ಕುಪ್ಪಳಿಯನ್ನು ತಲುಪಬಹುದು. ಕವಿಮನೆಯು ವಸ್ತುಸಂಗ್ರಹಾಲಯವಾಗಿದ್ದು, ಹಳೆಯ ಮಲೆನಾಡಿನ ಗೃಹೋಪಯೋಗಿ ವಸ್ತುಗಳನ್ನು ಇಲ್ಲಿ ಕಾಣಬಹುದು.

2. ಕವಿಶೈಲ: ಕವಿಮನೆಯ ಮೇಲಿನ ಗುಡ್ಡದಲ್ಲಿರುವ ಬಂಡೆ ಹಾಗೂ ಕವಿಯ ಸಮಾಧಿ ಸ್ಥಳ. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹೆಸರುಗಳನ್ನು ಇಲ್ಲಿನ ಬಂಡೆಯ ಮೇಲೆ ಕೆತ್ತಲಾಗಿದೆ.

3. ಹಿರೇಕೊಡಿಗೆ: ಕವಿಯ ಜನ್ಮಸ್ಥಳ. ಕೊಪ್ಪದ ಮಾರ್ಗವಾಗಿ ಹೋಗಬಹುದು.

4. ಮೈಸೂರು: ಮಹಾರಾಜ ಕಾಲೇಜು, ಮಾನಸಗಂಗೋತ್ರಿ ಮತ್ತು ಕುಕ್ಕರಹಳ್ಳಿ ಕೆರೆಯನ್ನು ಒಂದೇ ದಿನ ನೋಡಬಹುದು. ಒಂಟಿಕೊಪ್ಪಲಿನ ‘ಉದಯರವಿ’ ಕವಿಯು ಬಾಳಿದ ಮನೆ. ಇದು ಕುಟುಂಬದ ಮನೆಯಾದ್ದರಿಂದ ಹೊರಗಿನಿಂದಲೇ ನೋಡುವುದು ಉಚಿತ.

ಸಾರ್ವಜನಿಕರ ಗಮನಕ್ಕೆ

ಮಲೆನಾಡಿಗೆ ಎರಡು ದಿನ, ಮೈಸೂರಿಗೆ ಒಂದು ದಿನ ಮೀಸಲಿಡುವುದು ಸೂಕ್ತ. ಶಿವಮೊಗ್ಗದಿಂದ ಮೈಸೂರಿಗೆ ನೇರ ರೈಲು ಸೌಲಭ್ಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ ಹಾಗೂ ಇಂಬಳಗಳ ಕಾಟವಿರುವುದರಿಂದ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಅನುಕೂಲಕರ. ಪ್ರವೇಶದ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡುವುದು.

ಹೊರಡುವ ಮೊದಲು ಎರಡರಲ್ಲಿ ಒಂದು ಕಾದಂಬರಿಯನ್ನಾದರೂ ಓದಿಕೊಳ್ಳುವುದು ಒಳಿತು. ಓದಿ ಬಂದವರಿಗೆ ಇಲ್ಲಿನ ತೋಟ, ಕಾಡುಗಳು ಪರಿಚಿತವೆನಿಸುತ್ತವೆ. ಕವಿಶೈಲವು ಸಮಾಧಿ ಸ್ಥಳವಾಗಿರುವುದರಿಂದ ಮೌನವನ್ನು ಕಾಪಾಡುವಂತೆಯೂ, ಪ್ಲಾಸ್ಟಿಕ್ ವಸ್ತುಗಳನ್ನು ಎಸೆಯದಂತೆಯೂ ಕೋರಲಾಗಿದೆ. ಅಲ್ಲಿನ ಬಂಡೆಯ ಮೇಲೆ ಆ ಮೂವರ ಹೆಸರುಗಳು ಸಾಕು. ದಯವಿಟ್ಟು ತಮ್ಮ ಹೆಸರನ್ನು ಸೇರಿಸಬಾರದು.