ದ್ವಿಚಕ್ರದ ಯಾತ್ರಿಕ ವೆಲೋಸಿಯೊ

ಫ್ರಾನ್ಸ್ ದೇಶದ ಬೈಸಿಕಲ್ಲೆಂದೊಡನೆ ಹೆಚ್ಚಿನವರ ನೆನಪಿಗೆ ಬರುವುದು ೧೯೦೩ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಎಂಬ ಮಹಾಪಂದ್ಯ. ಅಲ್ಲಿ ಕಾಲವನ್ನು ಗಡಿಯಾರ ಅಳೆಯುತ್ತದೆ, ಮನುಷ್ಯನನ್ನು ಅವನ ಹಿಂದೆ ಉಳಿದವರ ಸಂಖ್ಯೆ ಅಳೆಯುತ್ತದೆ. ಆದರೆ ಅದೇ ದೇಶದಲ್ಲಿ, ಆ ಪಂದ್ಯಕ್ಕಿಂತಲೂ ಹಳೆಯದಾದ ಇನ್ನೊಂದು ಪರಂಪರೆಯಿದೆ. ನದಿಯ ದಂಡೆಯನ್ನು ಹಿಡಿದು, ದ್ರಾಕ್ಷಿತೋಟಗಳ ನಡುವಣ ಕಿರುದಾರಿಗಳಲ್ಲಿ, ಯಾರನ್ನೂ ಸೋಲಿಸುವ ಹಂಬಲವಿಲ್ಲದೆ ಸಾಗುವವರ ಪರಂಪರೆ ಅದು. ಅದಕ್ಕೆ ಮೂಲಪುರುಷನೆನಿಸಿದವನು ಪಾಲ್ ದ ವಿವೀ. ಲೇಖನಿಗೆಂದು ಅವನು ಇಟ್ಟುಕೊಂಡ ಹೆಸರು ವೆಲೋಸಿಯೊ; ಆ ಹೆಸರೇ ಕೊನೆಗೆ ಉಳಿಯಿತು.

ಅವನು ಹುಟ್ಟಿದ್ದು ೧೮೫೩ರ ಏಪ್ರಿಲ್ ತಿಂಗಳಿನಲ್ಲಿ, ಪ್ರೊವಾನ್ಸ್ ಸೀಮೆಯ ಪೆರ್ನ್ ಎಂಬ ಸಣ್ಣ ಊರಿನಲ್ಲಿ. ಪಶ್ಚಿಮಕ್ಕೆ ರೋನ್ ನದಿಯ ಬಯಲು; ಈಶಾನ್ಯದಲ್ಲಿ ನೆತ್ತಿ ಬೋಳಾದ ವಾಂತೂ ಪರ್ವತ; ಸುತ್ತಲೂ ದ್ರಾಕ್ಷಿ, ಆಲಿವ್, ಹಿಪ್ಪುನೇರಳೆ. ಅವನ ಬಾಲ್ಯದ ದಿನಗಳು ಆ ನಾಡಿಗೆ ಸುಖದ ದಿನಗಳಾಗಿರಲಿಲ್ಲ. ರೇಷ್ಮೆಹುಳುಗಳಿಗೆ ರೋಗ ಬಿದ್ದು ಸಾಕಣೆಮನೆಗಳು ಬರಿದಾಗುತ್ತಿದ್ದವು; ಆ ರೋಗದ ಮೂಲವನ್ನು ಕಂಡುಹಿಡಿಯಲು ಲೂಯಿ ಪಾಶ್ಚರ್ ೧೮೬೫ರಲ್ಲಿ ದಕ್ಷಿಣಕ್ಕೆ ಬರಬೇಕಾಯಿತು. ಅದೇ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸೂಕ್ಷ್ಮ ಕೀಟ ರೋನ್ ತೀರದ ದ್ರಾಕ್ಷಿಬಳ್ಳಿಗಳ ಬೇರನ್ನು ತಿನ್ನತೊಡಗಿತು. ಮುಂದೆ ಅಮೆರಿಕದ ಬೇರಿಗೆ ಫ್ರಾನ್ಸಿನ ಕುಡಿಯನ್ನು ಕಸಿಮಾಡಿಯೇ ಆ ತೋಟಗಳನ್ನು ಉಳಿಸಿಕೊಳ್ಳಬೇಕಾಯಿತು. ಇಂದು ಯಾತ್ರಿಕರು ಅನಾದಿಯೆಂದು ಭಾವಿಸಿ ಮೆಚ್ಚುವ ಆ ಹಸಿರು ಸಾಲುಗಳು ಹೀಗೆ ಒಮ್ಮೆ ಸತ್ತು ಮರುಹುಟ್ಟು ಪಡೆದವು.

ಓದು ಮುಗಿಸಿದ ವಿವೀ ರೇಷ್ಮೆಯ ವ್ಯಾಪಾರಕ್ಕಿಳಿದು ಸೇಂತ್-ಎತಿಯೆನ್ ನಗರದಲ್ಲಿ ನೆಲೆಸಿದ. ಕಲ್ಲಿದ್ದಲು, ಬಂದೂಕು ಮತ್ತು ರೇಷ್ಮೆಯ ಪಟ್ಟಿಗಳಿಗೆ ಹೆಸರಾದ, ಹೊಗೆ ಮುಸುಕಿದ ಊರು ಅದು. ೧೮೮೧ರಲ್ಲಿ, ಇಪ್ಪತ್ತೆಂಟರ ಪ್ರಾಯದಲ್ಲಿ, ಮುಂದಿನ ಚಕ್ರ ಆಳೆತ್ತರವಿದ್ದ ಆ ಕಾಲದ ಬೈಸಿಕಲ್ಲೊಂದನ್ನು ಕೊಂಡ. ಅದನ್ನೇರಿ ಬೆಟ್ಟಸೀಮೆಯತ್ತ ದೂರ ಪಯಣಿಸಿದಾಗ ಅವನ ಕಣ್ಣು ತೆರೆಯಿತು. ರೈಲು ಕಿಟಕಿಯ ಚೌಕಟ್ಟಿನಲ್ಲಿ ತೋರಿ ಮರೆಯಾಗುತ್ತಿದ್ದ ನಾಡು ಈಗ ಗಾಳಿ, ವಾಸನೆ, ಏರು, ಇಳಿಜಾರುಗಳ ರೂಪದಲ್ಲಿ ಅವನ ಮೈಗೇ ತಾಕಿತು. ಹೆಂಡತಿ ಮಕ್ಕಳಿದ್ದ ಆ ಗೃಹಸ್ಥ ಕೆಲವೇ ವರ್ಷಗಳಲ್ಲಿ ನಡೆಯುತ್ತಿದ್ದ ವ್ಯಾಪಾರವನ್ನು ಬಿಟ್ಟು ಬೈಸಿಕಲ್ ಅಂಗಡಿ ತೆರೆದನೆಂದರೆ, ಆ ಸೆಳೆತ ಎಂಥದೆಂಬುದನ್ನು ವಾಚಕರೇ ಊಹಿಸಬಹುದು. ಇಂಗ್ಲೆಂಡಿನ ಕೊವೆಂಟ್ರಿಯಿಂದ ಬೈಸಿಕಲ್ಲುಗಳನ್ನು ತರಿಸಿ ಮಾರಿದ. ಬಳಿಕ ತಾನೇ ತಯಾರಿಸಿ 'ಗೊಲ್ವಾಜ್' ಎಂದು ಹೆಸರಿಟ್ಟ. ೧೮೮೭ರಲ್ಲಿ ಅವನು ಆರಂಭಿಸಿದ ಪತ್ರಿಕೆ ಮುಂದೆ 'ಲೆ ಸಿಕ್ಲಿಸ್ತ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದರ ಪುಟಗಳಲ್ಲಿ ಪಂದ್ಯದ ಫಲಿತಾಂಶಗಳಿಗಿಂತ ದಾರಿಗಳ ವರ್ಣನೆಗೆ, ಯಂತ್ರಗಳ ಪರೀಕ್ಷೆಗೆ, ಓದುಗರ ಅನುಭವಗಳಿಗೆ ಹೆಚ್ಚು ಎಡೆಯಿತ್ತು.

ಸೇಂತ್-ಎತಿಯೆನ್ನಿನ ಭೂಗೋಲವೇ ಅವನ ಗುರುವಾಯಿತೆನ್ನಬೇಕು. ನಗರವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು ೫೦೦ ಮೀಟರ್ ಎತ್ತರದಲ್ಲಿ. ದಕ್ಷಿಣಕ್ಕೆ ಹೊರಟವನು ಮೊದಲು ೧೧೬೧ ಮೀಟರ್ ಎತ್ತರದ ರೆಪ್ಯುಬ್ಲಿಕ್ ಘಟ್ಟವನ್ನು ಹತ್ತಲೇಬೇಕು. ಹತ್ತಿದವನಿಗೆ ಆಚೆ ಕಡೆ ರೋನ್ ನದಿಯವರೆಗೆ ಸುಮಾರು ಸಾವಿರ ಮೀಟರಿನ ಇಳಿಜಾರು ಕಾದಿರುತ್ತದೆ. ಕೆಳಗೆ ನದಿಯ ಬಲದಂಡೆಯಲ್ಲಿ ತೂರ್ನೋಂ, ಎದುರು ದಂಡೆಯಲ್ಲಿ ತ್ಯಾಂ. ತ್ಯಾಂ ಊರಿನ ಬೆನ್ನಿಗಿರುವ ಎರ್ಮಿತಾಜ್ ಗುಡ್ಡದ ಮೇಲೆ ಕಲ್ಲುಕಟ್ಟಡದ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿಬಳ್ಳಿಗಳು ಬಿಸಿಲಿಗೆ ಮೈಯೊಡ್ಡಿ ನಿಂತಿವೆ. ಇನ್ನೂ ಕೆಳಗಿಳಿದರೆ ವಲಾನ್ಸ್, ಮೊಂತೆಲಿಮಾರ್. ಅಲ್ಲಿಂದಾಚೆ ಆಲಿವ್ ಮರಗಳು, ಗಾಳಿ ತಡೆಯಲು ಸಾಲಾಗಿ ನೆಟ್ಟ ಸೈಪ್ರೆಸ್‌ಗಳು, ಕೊನೆಗೆ ಅವಿನ್ಯೋಂ. ಘಟ್ಟದ ಮೇಲೆ ಹಿಮ ಇನ್ನೂ ಕರಗದಿರುವಾಗಲೇ ಕೆಳಗಿನ ಕಣಿವೆಯಲ್ಲಿ ವಸಂತ ಬಂದಿರುತ್ತದೆ. ಒಂದೇ ಹಗಲಿನಲ್ಲಿ ಋತುವನ್ನು ದಾಟುವ ಈ ದಾರಿ ವೆಲೋಸಿಯೊನ ಅಚ್ಚುಮೆಚ್ಚಿನ ದಾರಿ. ಈಸ್ಟರ್ ಹಬ್ಬದ ರಜೆಯಲ್ಲಿ ಅವನು ಗೆಳೆಯರೊಡನೆ ತನ್ನ ಹುಟ್ಟುನಾಡಿನತ್ತ ಇಳಿಯುತ್ತಿದ್ದ.

ಇಳಿದವನು ಮರಳಿ ಹತ್ತಬೇಕಷ್ಟೆ. ಸಾಲದೆಂಬಂತೆ, ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಬಿರುಗಾಳಿ ಹೋಗುವಾಗ ಬೆನ್ನು ತಟ್ಟಿ ನೂಕಿದರೆ ಬರುವಾಗ ಎದೆಗೊಟ್ಟು ತಡೆಯುತ್ತದೆ. ಆ ಕಾಲದ ಬೈಸಿಕಲ್ಲಿಗೆ ಒಂದೇ ಗೇರು. ಬಯಲಿಗೆ ಹೊಂದಿದ ಗೇರು ಏರಿಗೆ ಹೊಂದದು. ಏರಿಗೆ ಹೊಂದಿದ್ದು ಬಯಲಿನಲ್ಲಿ ಕಾಲನ್ನು ವೃಥಾ ತಿರುಗಿಸುತ್ತದೆ. ಮನುಷ್ಯನ ಕಾಲಿನ ಬಲಕ್ಕೂ ಲಯಕ್ಕೂ ಮಿತಿಯಿದೆ, ದಾರಿಯ ವೈವಿಧ್ಯಕ್ಕೆ ಮಿತಿಯಿಲ್ಲ. ಆದುದರಿಂದ ಬದಲಾಗಬೇಕಾದದ್ದು ಯಂತ್ರವೇ ಎಂದು ಅವನು ಕಂಡುಕೊಂಡ. ಮೊದಲು ಪೆಡಲಿನ ಬಳಿ ಎರಡು ಹಲ್ಲುಚಕ್ರಗಳನ್ನಿಟ್ಟು, ಇಳಿದು ನಿಂತು, ಸರಪಳಿಯನ್ನು ಕೈಯಿಂದಲೇ ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕಿದ. ವರ್ಷಗಳ ಪರೀಕ್ಷೆ ನಡೆಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಚಲಿಸುತ್ತಿರುವಾಗಲೇ ಸರಪಳಿಯನ್ನು ಪಕ್ಕಕ್ಕೆ ಸರಿಸುವ ಸಾಧನವನ್ನು ರೂಢಿಗೆ ತಂದವರಲ್ಲಿ ಅವನೂ ಅವನ ಊರಿನ ಕುಶಲಿಗಳೂ ಅಗ್ರಗಣ್ಯರು.

ಇದಕ್ಕೆ ದೊರೆತದ್ದು ಹೊಗಳಿಕೆಯಲ್ಲ, ಪರಿಹಾಸ. ಮರುವರ್ಷ ಟೂರ್ ಪಂದ್ಯವನ್ನು ಹುಟ್ಟುಹಾಕಲಿದ್ದ ಪತ್ರಿಕಾ ಸಂಪಾದಕ ಆಂರಿ ದೆಗ್ರಾಂಜ್ ೧೯೦೨ರಲ್ಲಿ ಈ ಸಾಧನವನ್ನು ಹೀಗಳೆದು ಬರೆದ. ನಲವತ್ತೈದು ದಾಟಿದವರಿಗೆ ಅದು ಒಪ್ಪೀತು, ಉಳಿದವರು ಯಂತ್ರದ ಯುಕ್ತಿಯನ್ನು ಬಿಟ್ಟು ಮಾಂಸಖಂಡದ ಬಲದಿಂದ ಗೆಲ್ಲಬೇಕೆಂಬುದು ಅವನ ನಿಲುವು. ಆಗ ವೆಲೋಸಿಯೊನಿಗೆ ನಲವತ್ತೊಂಬತ್ತು ವರ್ಷ. ಆದರೆ ಅವನ ವಾದ ವಯಸ್ಸಿನದಾಗಿರಲಿಲ್ಲ. ಬಲಶಾಲಿಗಳಾದ ನೂರು ಜನರು ಪಂದ್ಯ ಕಟ್ಟಿ ಓಡುವುದಕ್ಕಿಂತ, ಗುಮಾಸ್ತ, ಉಪಾಧ್ಯಾಯ, ಮಗ್ಗದ ಕೆಲಸಗಾರ, ಹೆಂಗಸರು, ಮುದುಕರು ತಮ್ಮ ಕಾಲಿನಿಂದಲೇ ಘಟ್ಟ ದಾಟಿ ಆಚೆಯ ನದಿಯನ್ನು ಕಾಣುವುದು ಅವನಿಗೆ ದೊಡ್ಡದೆನಿಸಿತ್ತು. ಟೂರ್ ಪಂದ್ಯದ ನಿಬಂಧನೆಗಳು ಈ ಸಾಧನಕ್ಕೆ ಬಾಗಿಲು ತೆರೆದದ್ದು ೧೯೩೭ರಲ್ಲಿ. ಆ ವೇಳೆಗೆ ವೆಲೋಸಿಯೊ ತೀರಿಕೊಂಡು ಏಳು ವರ್ಷಗಳಾಗಿದ್ದವು.

ಪಂದ್ಯವನ್ನು ಒಲ್ಲದವನು ಸುಖಲೋಲುಪನೆಂದು ಯಾರೂ ತಿಳಿಯಬಾರದು. ರಾತ್ರಿಯಿಡೀ ಪೆಡಲು ತುಳಿದು ಬೆಳಗನ್ನು ಬೇರೊಂದು ಸೀಮೆಯಲ್ಲಿ ಕಾಣುವುದು, ಇಪ್ಪತ್ತನಾಲ್ಕು ಗಂಟೆ ಬಿಡದೆ ಸಾಗುವುದು ಅವನಿಗೆ ವಾಡಿಕೆಯಾಗಿತ್ತು. ಇಷ್ಟು ಅವಸರದಲ್ಲಿ ಸಾಗುವವನು ನೋಡುವುದೇನನ್ನು ಎಂದು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆಯೇ. ಅವನ ಬದುಕು ಅದಕ್ಕೆ ಕೊಡುವ ಉತ್ತರ ಇಷ್ಟು: ದುಡಿಯುವ ಮನುಷ್ಯನಿಗೆ ರಜೆಯೇ ಕೆಲವು ದಿನ, ತನ್ನ ಶಕ್ತಿಯನ್ನು ಅರಿತು ಕಾಪಾಡಿಕೊಂಡವನಿಗೆ ಮಾತ್ರ ಆ ಕೆಲವು ದಿನಗಳಲ್ಲಿ ದೂರದ ನಾಡೂ ದಕ್ಕುತ್ತದೆ. ಆದುದರಿಂದಲೇ ಅವನು ಸವಾರರಿಗೆ ಏಳು ನಿಯಮಗಳನ್ನು ವಿಧಿಸಿದ. ಹಸಿವು ಬಾಯಾರಿಕೆಗಳು ಕಾಡುವ ಮೊದಲೇ ಅವನ್ನು ತಣಿಸುವುದು, ಬಳಲಿ ಬೀಳುವತನಕ ತುಳಿಯದಿರುವುದು, ಒಣ ಪ್ರತಿಷ್ಠೆಗಾಗಿ ಎಂದೂ ತುಳಿಯದಿರುವುದು ಅವುಗಳಲ್ಲಿ ಮುಖ್ಯವಾದವು. ದಾರಿಯಲ್ಲಿ ಮಾಂಸ, ಹೊಗೆಸೊಪ್ಪು, ಮದ್ಯ ಇವನ್ನೂ ಅವನು ನಿಷೇಧಿಸಿದ. ಲೋಕವಿಖ್ಯಾತ ದ್ರಾಕ್ಷಾರಸದ ಸೀಮೆಯಲ್ಲಿ ಹುಟ್ಟಿ, ಅದರ ತೋಟಗಳ ನಡುವೆಯೇ ತಿರುಗಾಡಿದ ಸಸ್ಯಾಹಾರಿಯೊಬ್ಬ ಹೀಗೆ ವಿಧಿಸಿದ್ದು ಸ್ವಾರಸ್ಯವಾಗಿದೆ. ದ್ರಾಕ್ಷಿತೋಟದ ಸೊಗಸನ್ನು ಅವನು ಲೋಟದಲ್ಲಿ ಅರಸಲಿಲ್ಲ.

ಅವನ ವಿಶ್ವಾಸಗಳು ಒಂದೇ ಬೇರಿನವು. ಜನಾಂಗಗಳ ನಡುವೆ ಗೋಡೆ ಬೇಡವೆಂದು ಎಸ್ಪೆರಾಂತೊ ಭಾಷೆಯನ್ನು ಎತ್ತಿ ಹಿಡಿದ. ಪ್ರಾಚೀನರ ಗ್ರಂಥಗಳನ್ನು ಓದುತ್ತಿದ್ದ. ೧೯೨೨ರಿಂದ ಅವನ ಅಭಿಮಾನಿಗಳು ವರ್ಷಕ್ಕೊಮ್ಮೆ ರೆಪ್ಯುಬ್ಲಿಕ್ ಘಟ್ಟವನ್ನು ಒಟ್ಟಾಗಿ ಏರಿ ಅವನನ್ನು ಗೌರವಿಸತೊಡಗಿದರು.

೧೯೩೦ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಸೇಂತ್-ಎತಿಯೆನ್ನಿನ ಬೀದಿಯಲ್ಲಿ ಟ್ರಾಮ್ ಗಾಡಿ ತಗುಲಿ ವೆಲೋಸಿಯೊ ಮೃತನಾದ. ಆ ದಿನ ಬೆಳಿಗ್ಗೆ ಅವನು ಸೆನೆಕನ ಗ್ರಂಥವನ್ನು ಓದುತ್ತಿದ್ದನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಕಗ್ಗತ್ತಲೆಯಲ್ಲಿ ನೂರಾರು ಘಟ್ಟದಾರಿಗಳನ್ನು ಇಳಿದವನಿಗೆ ತನ್ನ ಮನೆಯೂರಿನ ಗಲಭೆಯೇ ಮೃತ್ಯುವಾದದ್ದು ವಿಧಿಯ ಕ್ರೌರ್ಯವೆನ್ನಬೇಕು. ನಿಶ್ಶಬ್ದವಾದ ದಾರಿ ಮನುಷ್ಯನಿಗೆ ಏಕೆ ಬೇಕೆಂಬುದಕ್ಕೆ ಅವನ ಬರೆಹಗಳಷ್ಟೇ ಅವನ ಸಾವೂ ಸಾಕ್ಷಿ.

ಅಂಥ ದಾರಿಗಳು ಇಂದು ಫ್ರಾನ್ಸಿನಲ್ಲಿ ಬಹಳವಾಗಿವೆ. ಬುರ್ಗೋಂಯ್ ಸೀಮೆಯಲ್ಲಿ ಗಾಡಿ ನಿಂತುಹೋದ ರೈಲುಹಾದಿಯೊಂದನ್ನು ಜೀವ್ರಿಯಿಂದ ಕ್ಲ್ಯೂನಿಯವರೆಗೆ, ೪೪ ಕಿಲೋಮೀಟರ್ ದೂರ, ೧೯೯೭ರಲ್ಲಿ ಬೈಸಿಕಲ್ಲಿಗೂ ಪಾದಚಾರಿಗಳಿಗೂ ಬಿಟ್ಟುಕೊಡಲಾಯಿತು. ಅದು ದ್ರಾಕ್ಷಿತೋಟಗಳ ಪಕ್ಕದಲ್ಲೇ ಹಾಯುತ್ತದೆ. ಲ್ವಾರ್ ನದಿಯುದ್ದಕ್ಕೆ ಸುಮಾರು ೯೦೦ ಕಿಲೋಮೀಟರಿನ ಮಾರ್ಗವಿದೆ. ವೆಲೋಸಿಯೊನ ರೋನ್ ಕಣಿವೆಯಲ್ಲಿ, ಜಿನೀವಾ ಸರೋವರದಿಂದ ಮೆಡಿಟರೇನಿಯನ್ ಕಡಲಿನವರೆಗೆ, ೮೦೦ ಕಿಲೋಮೀಟರಿಗೂ ಮಿಕ್ಕ ಇನ್ನೊಂದು ಮಾರ್ಗ ತೂರ್ನೋಂ, ವಲಾನ್ಸ್, ಅವಿನ್ಯೋಂಗಳನ್ನು ಪೋಣಿಸಿಕೊಂಡು ಸಾಗುತ್ತದೆ. ಆ ದಾರಿಯಲ್ಲಿ ಮಿಸ್ತ್ರಾಲಿಗೆ ಎದುರಾಗಿ, ಗೇರನ್ನು ಕೆಳಗಿಳಿಸಿ, ಉಸಿರು ಕೆಡದೆ ಮೆಲ್ಲಗೆ ತುಳಿಯುವ ವೃದ್ಧ ದಂಪತಿಗಳಿಗೆ ವೆಲೋಸಿಯೊನ ಹೆಸರು ತಿಳಿದಿರಲಿಕ್ಕಿಲ್ಲ. ಅವರು ಹೊರಟಿರುವುದಂತೂ ಅವನು ತೆರೆದ ದಾರಿಯಲ್ಲಿಯೇ.