ಹಿಮದಲ್ಲಿ ದಾರಿ ಗುರುತಿಸಿದ ಅಮುಂಡ್ಸೆನ್

ಮಕ್ಕಳೇ, ಹಾರೋಹಳ್ಳಿಯಿಂದ ಕನಕಪುರಕ್ಕೆ ಹೋಗುವಾಗ ಕಿಲೋಮೀಟರ್ ಕಲ್ಲು, ಊರು, ಮರಗಳನ್ನು ನೋಡಿ ಎಲ್ಲಿದ್ದೇವೆ ಎಂದು ತಿಳಿಯುತ್ತೇವೆ. ಆದರೆ ಅಂಟಾರ್ಕ್ಟಿಕಾದ ಹಿಮದ ಬಯಲಿನಲ್ಲಿ ಎತ್ತ ನೋಡಿದರೂ ಬಿಳುಪು. ಹೆಜ್ಜೆಯ ಗುರುತನ್ನೂ ಗಾಳಿ ಮುಚ್ಚಿಬಿಡುತ್ತದೆ. ಅಂಥ ಕಡೆ ದಾರಿ ಮಾಡಿಕೊಂಡು ದಕ್ಷಿಣ ಧ್ರುವವನ್ನು ಮೊದಲು ತಲುಪಿದ ತಂಡದ ನಾಯಕ ರೋಆಲ್ಡ್ ಅಮುಂಡ್ಸೆನ್.

ಅಮುಂಡ್ಸೆನ್ 1872ರ ಜುಲೈ 16ರಂದು ನಾರ್ವೆ ದೇಶದಲ್ಲಿ ಹುಟ್ಟಿದರು. ಮಗ ವೈದ್ಯನಾಗಲಿ ಎಂಬುದು ತಾಯಿಯ ಆಸೆ. ತಾಯಿ ತೀರಿಕೊಂಡ ಮೇಲೆ ಅವರು ವೈದ್ಯಕೀಯ ಓದು ಬಿಟ್ಟು ಹಡಗು ಹತ್ತಿದರು. 1903ರಿಂದ 1906ರವರೆಗೆ ಕೆನಡಾದ ಉತ್ತರದ ಹಿಮಸಮುದ್ರದಲ್ಲಿ ಸಂಚರಿಸಿದರು. ನಾಯಿಗಳು ಎಳೆಯುವ ಜಾರುಬಂಡಿಯ ಬಳಕೆಯನ್ನೂ ತುಪ್ಪಳದ ಉಡುಪಿನ ಉಪಯೋಗವನ್ನೂ ಅಲ್ಲಿನ ಇನ್ಯೂಟ್ ಜನರಿಂದ ಕಲಿತರು.

1911ರಲ್ಲಿ ಅಂಟಾರ್ಕ್ಟಿಕಾ ಸೇರಿದ ಅವರು ಮೊದಲು ದಾರಿಯ ಮೂರು ಕಡೆ ಆಹಾರ ಕೂಡಿಟ್ಟರು. ಧ್ರುವದಿಂದ ಮರಳುವಾಗ ಅದು ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಮಂಜು ಕವಿದಾಗ ಸ್ವಲ್ಪ ಪಕ್ಕಕ್ಕೆ ಸರಿದರೂ ಆಹಾರದ ರಾಶಿ ಕಾಣದೆ ಹೋಗಬಹುದು. ಅದಕ್ಕೆ ಅವರು ಒಂದು ಉಪಾಯ ಹೂಡಿದರು. ಮೊದಲ ರಾಶಿಯ ಎಡಕ್ಕೆ 10, ಬಲಕ್ಕೆ 10 ಬಾವುಟಗಳನ್ನು ದಾರಿಗೆ ಅಡ್ಡಲಾಗಿ ನೆಟ್ಟರು. ಒಂದರಿಂದ ಇನ್ನೊಂದಕ್ಕೆ ಸುಮಾರು 900 ಮೀಟರ್ ಅಂತರ. ದಾರಿ ತಪ್ಪಿದರೂ ಯಾವುದಾದರೊಂದು ಬಾವುಟ ಕಣ್ಣಿಗೆ ಬೀಳುತ್ತದೆ. ಆಹಾರ ಯಾವ ಕಡೆ, ಎಷ್ಟು ದೂರ ಎಂಬುದನ್ನು ಅದರ ಮೇಲಿನ ಸಂಖ್ಯೆಯೇ ತಿಳಿಸುತ್ತದೆ. ದಾರಿಯ ಒಂದು ಭಾಗದಲ್ಲಿ ಒಣಮೀನನ್ನೇ ಗುರುತಾಗಿ ನೆಟ್ಟರು!

ಅಕ್ಟೋಬರ್‌ನಲ್ಲಿ ನಾಲ್ವರು ಜೊತೆಗಾರರೊಡನೆ ಹೊರಟರು. ದಾರಿಯುದ್ದಕ್ಕೂ ಗಟ್ಟಿ ಹಿಮವನ್ನು ಇಟ್ಟಿಗೆಯಂತೆ ಕೊಯ್ದು ಆಳೆತ್ತರದ ಗುಪ್ಪೆಗಳನ್ನು ಕಟ್ಟಿದರು. ಡಿಸೆಂಬರ್ 14ರಂದು ಧ್ರುವ ತಲುಪಿದರು. 1912ರ ಜನವರಿ 25ರಂದು ಐವರೂ ಕ್ಷೇಮವಾಗಿ ನೆಲೆಗೆ ಮರಳಿದರು.

ಸುಮಾರು ಐದು ವಾರ ತಡವಾಗಿ ಧ್ರುವ ತಲುಪಿದ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ನಾಲ್ವರು ಸಂಗಡಿಗರು ಮರಳುವ ದಾರಿಯಲ್ಲೇ ಮಡಿದರು. ಸ್ಕಾಟ್ ಅವರ ಕೊನೆಯ ಡೇರೆಯಿಂದ ಆಹಾರದ ರಾಶಿ ಸುಮಾರು 20 ಕಿ.ಮೀ. ದೂರದಲ್ಲಿತ್ತು.

1928ರ ಮೇ ತಿಂಗಳಲ್ಲಿ ಉತ್ತರ ಧ್ರುವದ ಕಡೆ ವಾಯುನೌಕೆಯೊಂದು ಅಪಘಾತಕ್ಕೀಡಾಯಿತು. ಅದರಲ್ಲಿದ್ದವರನ್ನು ಹುಡುಕಲು ವಿಮಾನದಲ್ಲಿ ಹೊರಟ ಅಮುಂಡ್ಸೆನ್ ಮರಳಿ ಬರಲೇ ಇಲ್ಲ.

ಈಗ ಅಂಟಾರ್ಕ್ಟಿಕಾದ ಕರಾವಳಿಯ ಮೆಕ್‌ಮರ್ಡೊ ನೆಲೆಯಿಂದ ದಕ್ಷಿಣ ಧ್ರುವಕ್ಕೆ ಸುಮಾರು 1,600 ಕಿ.ಮೀ. ಉದ್ದದ ಹಿಮರಸ್ತೆ ಇದೆ. ಅದಕ್ಕೆ ಜಲ್ಲಿಯೂ ಇಲ್ಲ, ಡಾಂಬರೂ ಇಲ್ಲ. ಆಳವಾದ ಬಿರುಕುಗಳಿಗೆ ಹಿಮವನ್ನೇ ತುಂಬಿ, ಒತ್ತಿ ಗಟ್ಟಿ ಮಾಡಿದ್ದಾರೆ. ಕೆಳಗಿನ ಹಿಮ ನಿಧಾನವಾಗಿ ಸರಿಯುತ್ತದೆ, ಮೇಲೆ ಹೊಸ ಹಿಮ ಬೀಳುತ್ತದೆ. ಆದ್ದರಿಂದ ರಸ್ತೆಯನ್ನು ಮತ್ತೆ ಮತ್ತೆ ಸರಿಪಡಿಸಬೇಕು. ಅಲ್ಲಿ ಇಂದಿಗೂ ದಾರಿ ತೋರಿಸುವುದು ಬಾವುಟಗಳೇ. ರಸ್ತೆಯ ಕೊನೆಯಲ್ಲಿರುವ ಸಂಶೋಧನಾ ನೆಲೆಯ ಹೆಸರು ಅಮುಂಡ್ಸೆನ್–ಸ್ಕಾಟ್.