ಸೇವಕನ ಉಡುಪಿನಲ್ಲಿ ಸಂಗೀತದ ಮಹಾಗುರು: ಜೋಸೆಫ್ ಹೈಡನ್

ದೊಡ್ಡ ಸಂಗೀತಗಾರರೆಂದರೆ ನಮ್ಮ ಕಣ್ಣ ಮುಂದೆ ಬರುವುದು ವೇದಿಕೆ, ದೀಪಗಳು ಮತ್ತು ಚಪ್ಪಾಳೆ. ಆ ವೇದಿಕೆಯ ಹಿಂದೆ ದಿನನಿತ್ಯದ ತಾಲೀಮು, ವಾದ್ಯಗಳ ದುರಸ್ತಿ, ಸಹಕಲಾವಿದರ ನಡುವಿನ ಮನಸ್ತಾಪ, ಯಜಮಾನರ ಆಜ್ಞೆ, ಸಂಬಳದ ಚಿಂತೆ ಇವೆಲ್ಲ ಇರುತ್ತವೆ ಎಂಬುದನ್ನು ನಾವು ಮರೆಯುತ್ತೇವೆ. ನೂರಕ್ಕೂ ಮಿಕ್ಕಿ ಸಿಂಫನಿಗಳನ್ನು ರಚಿಸಿದ ಆಸ್ಟ್ರಿಯಾದ ಜೋಸೆಫ್ ಹೈಡನ್ ತಮ್ಮ ಜೀವನದ ಬಹುಭಾಗವನ್ನು ಕಳೆದದ್ದು ಇಂತಹ ದುಡಿಮೆಯಲ್ಲಿಯೇ.

ಬಡಗಿಯ ಮಗ

ಹೈಡನ್ ಜನಿಸಿದ್ದು 1732ರ ಮಾರ್ಚ್ 31ರಂದು, ಆಸ್ಟ್ರಿಯಾದ ರೋರಾವ್ ಎಂಬ ಹಳ್ಳಿಯಲ್ಲಿ. ತಂದೆ ಗಾಡಿಯ ಚಕ್ರ ಮಾಡುವ ಬಡಗಿ, ತಾಯಿ ಅಲ್ಲಿನ ಜಮೀನ್ದಾರರ ಅರಮನೆಯಲ್ಲಿ ಅಡುಗೆ ಮಾಡಿದವರು. ತಂದೆಗೆ ಸ್ವರಲಿಪಿ ಓದಲು ಬಾರದಿದ್ದರೂ ಸಂಜೆ ಹಾರ್ಪ್ ನುಡಿಸುತ್ತಾ ಮನೆಮಂದಿಯನ್ನೆಲ್ಲ ಹಾಡಿಸುತ್ತಿದ್ದರು. ಬಾಲಕನ ಕಂಠವನ್ನು ಗಮನಿಸಿದ ಬಂಧುವೊಬ್ಬರು ಆರರ ಎಳೆ ಪ್ರಾಯದಲ್ಲೇ ಆತನನ್ನು ಕಲಿಕೆಗಾಗಿ ಹೈನ್‌ಬುರ್ಗ್ ಪಟ್ಟಣಕ್ಕೆ ಕರೆದೊಯ್ದರು. 1740ರಲ್ಲಿ ವಿಯೆನ್ನಾದ ಸಂತ ಸ್ಟೀಫನರ ಪ್ರಧಾನಾಲಯದ ಗಾನವೃಂದಕ್ಕೆ ಆತ ಆಯ್ಕೆಯಾದ.

ಸುಮಾರು ಒಂಬತ್ತು ವರ್ಷ ಅಲ್ಲಿ ಹಾಡಿದ ಬಳಿಕ ಸ್ವರ ಒಡೆಯಿತು, ಕೆಲಸ ಹೋಯಿತು. ಹದಿಹರೆಯದ ಹುಡುಗನಿಗೆ ಕೈಯಲ್ಲಿ ಕಾಸಿರಲಿಲ್ಲ. ಗಾಯಕ ಮಿತ್ರರೊಬ್ಬರು ತಮ್ಮ ಸಣ್ಣ ಮನೆಯಲ್ಲಿ ಜಾಗ ಕೊಟ್ಟರು. ಮಕ್ಕಳಿಗೆ ಪಾಠ ಹೇಳುವುದು, ಬೀದಿಯಲ್ಲಿ ರಾತ್ರಿ ವಾದ್ಯ ನುಡಿಸುವುದು, ಚರ್ಚ್‌ಗಳಲ್ಲಿ ಹಾಡುವುದು ಹೀಗೆ ಸಿಕ್ಕಿದ ಕೆಲಸವನ್ನೆಲ್ಲ ಮಾಡಿದರು. ಇಟಲಿಯ ಸಂಗೀತಗುರು ಪೋರ್ಪೊರಾ ಅವರ ಬಳಿ ಸೇವಕನಾಗಿ ದುಡಿಯುತ್ತಲೇ ಸ್ವರರಚನೆಯ ಸೂಕ್ಷ್ಮಗಳನ್ನು ಕಲಿತರು.

ಕರಾರಿನೊಳಗಿನ ಬದುಕು

1761ರ ಮೇ 1ರಂದು ಹೈಡನ್ ಶ್ರೀಮಂತ ಹಂಗೇರಿಯನ್ ಮನೆತನವಾದ ಎಸ್ಟರ್‌ಹಾಝಿ ಅರಸುಕುಮಾರರ ಸೇವೆಗೆ ಸೇರಿದರು. ವರ್ಷಕ್ಕೆ 400 ಗುಲ್ಡನ್ ಸಂಬಳ. ಆ ಕರಾರು ಪತ್ರ ಇಂದಿಗೂ ಓದಲು ಸಿಗುತ್ತದೆ. ಹೈಡನ್ ಮನೆತನದ ಸಮವಸ್ತ್ರ ತೊಡಬೇಕು, ಬಿಳಿ ಕಾಲುಚೀಲ ಹಾಕಬೇಕು, ತಲೆಗೂದಲಿಗೆ ಪೌಡರ್ ಹಚ್ಚಿರಬೇಕು. ದಿನಕ್ಕೆ ಎರಡು ಬಾರಿ, ಮಧ್ಯಾಹ್ನದ ಮೊದಲು ಮತ್ತು ನಂತರ, ಅರಮನೆಯ ಮುಂಗೋಣೆಯಲ್ಲಿ ಕಾದುನಿಂತು ಅಂದು ಸಂಗೀತ ಬೇಕೇ ಎಂದು ಕೇಳಬೇಕು. ವಾದ್ಯಗಳ ಪಾಲನೆ ಅವರದ್ದು. ವಾದ್ಯಗಾರರು ಜಗಳವಾಡಿದರೆ ರಾಜಿ ಮಾಡಿಸುವುದೂ ಅವರ ಕೆಲಸ. ಎಲ್ಲಕ್ಕಿಂತ ಕಠಿಣವಾದ ಷರತ್ತು ಬೇರೊಂದಿತ್ತು. ಅವರು ಬರೆದುದೆಲ್ಲ ಅರಸುಕುಮಾರರ ಸೊತ್ತು. ಅಪ್ಪಣೆಯಿಲ್ಲದೆ ಬೇರೆಯವರಿಗೆ ಒಂದು ಸ್ವರವನ್ನೂ ಬರೆಯುವಂತಿರಲಿಲ್ಲ.

1762ರಲ್ಲಿ ಅಧಿಕಾರಕ್ಕೆ ಬಂದ ಅರಸುಕುಮಾರ ನಿಕೊಲಾಸ್ ಅವರಿಗೆ ಬ್ಯಾರಿಟನ್ ಎಂಬ ತಂತಿವಾದ್ಯದ ಹುಚ್ಚು. 1765ರಲ್ಲಿ ಹೈಡನ್‌ಗೆ ಕೆಲಸದಲ್ಲಿ ಅಸಡ್ಡೆಯೆಂಬ ಎಚ್ಚರಿಕೆ ಬಂತು. ಆ ವಾದ್ಯಕ್ಕೆ ಇನ್ನಷ್ಟು ರಚನೆಗಳನ್ನು ಕೊಡಬೇಕೆಂದೂ ಆಜ್ಞೆಯಾಯಿತು. ಹೈಡನ್ ವಾದಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಬ್ಯಾರಿಟನ್ ಇರುವ ತ್ರಿವಾದ್ಯ ರಚನೆಗಳೇ ನೂರನ್ನು ದಾಟಿದವು. ಇಂದು ಆ ವಾದ್ಯ ನುಡಿಸುವವರೇ ವಿರಳ.

ಜೌಗು ನೆಲದ ನಡುವೆ ಅರಸುಕುಮಾರರು ಕಟ್ಟಿಸಿದ ಎಸ್ಟರ್‌ಹಾಝಾ ಅರಮನೆಯಲ್ಲಿ ಒಪೆರಾ ಮಂದಿರವಿತ್ತು, ಗೊಂಬೆಯಾಟದ ರಂಗಮಂದಿರವಿತ್ತು. 1780ರಿಂದ 1790ರ ನಡುವೆ ಅಲ್ಲಿ ಸಾವಿರಕ್ಕೂ ಹೆಚ್ಚು ಒಪೆರಾ ಪ್ರದರ್ಶನಗಳು ಹೈಡನ್ ನಿರ್ದೇಶನದಲ್ಲಿ ನಡೆದವು. ಆಯ್ಕೆ, ತಿದ್ದುಪಡಿ, ತಾಲೀಮು ಎಲ್ಲವೂ ಅವರ ಹೆಗಲ ಮೇಲೆ. ಇಷ್ಟರ ನಡುವೆ ತಮ್ಮ ಸಿಂಫನಿಗಳನ್ನೂ ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್‌ಗಳನ್ನೂ ಬರೆದರು. ಕೈಯಳತೆಯಲ್ಲೇ ಒಂದು ವಾದ್ಯವೃಂದವಿತ್ತು. ಇಂದು ಬರೆದುದನ್ನು ನಾಳೆ ನುಡಿಸಿ ನೋಡಿ ತಿದ್ದಬಹುದಿತ್ತು. ಬಂಧನವೇ ಅವರಿಗೆ ಪ್ರಯೋಗಶಾಲೆಯೂ ಆಯಿತು.

ಆರಿದ ಮೇಣದ ಬತ್ತಿಗಳು

ಅರಮನೆಯಲ್ಲಿ ಜಾಗ ಸಾಲದೆಂದು ಹೆಚ್ಚಿನ ವಾದ್ಯಗಾರರ ಹೆಂಡತಿ ಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕುಟುಂಬಗಳು ದೂರದ ಐಸೆನ್‌ಸ್ಟಾಟ್‌ನಲ್ಲಿ ಕಾಯುತ್ತಿದ್ದವು. 1772ರಲ್ಲಿ ಅರಸುಕುಮಾರರು ತಮ್ಮ ವಾಸ್ತವ್ಯವನ್ನು ಮುಂದುವರಿಸುತ್ತಲೇ ಹೋದಾಗ ವಾದ್ಯಗಾರರು ಹೈಡನ್ ಬಳಿ ದುಃಖ ತೋಡಿಕೊಂಡರು. ಆ ನಿರ್ಬಂಧ ಹೈಡನ್‌ಗೆ ಅನ್ವಯಿಸುತ್ತಿರಲಿಲ್ಲ. ತನಗೇಕೆ ಎಂದು ಸುಮ್ಮನಿರಬಹುದಿತ್ತು. ಪ್ರತಿಭಟಿಸಿದರೆ ಎಲ್ಲರ ಅನ್ನಕ್ಕೂ ಕುತ್ತು.

ಅವರು ಒಂದು ಸಿಂಫನಿ ಬರೆದರು. ಅದರ ಕೊನೆಯಲ್ಲಿ ಒಬ್ಬೊಬ್ಬರೇ ವಾದ್ಯಗಾರರು ತಮ್ಮ ಭಾಗ ಮುಗಿಸಿ, ಮುಂದಿನ ಮೇಣದ ಬತ್ತಿಯನ್ನು ಆರಿಸಿ, ವಾದ್ಯ ಹಿಡಿದು ಎದ್ದು ಹೋದರು. ಕಟ್ಟಕಡೆಗೆ ಉಳಿದದ್ದು ಎರಡು ಪಿಟೀಲುಗಳ ಮೆಲುದನಿ ಮಾತ್ರ. ಅರಸುಕುಮಾರರಿಗೆ ಅರ್ಥವಾಯಿತು. ಮರುದಿನವೇ ಹೊರಡಲು ಅಪ್ಪಣೆಯಾಯಿತೆಂದು ಹೈಡನ್‌ರ ಮೊದಲ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. 45ನೆಯದಾದ ಈ ರಚನೆ ಇಂದಿಗೂ 'ವಿದಾಯ ಸಿಂಫನಿ' ಎಂದೇ ಪ್ರಸಿದ್ಧ. ಸಂಗಡಿಗರು ಹೈಡನ್‌ರನ್ನು ಅಪ್ಪ ಎಂದು ಕರೆಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಅವರು ಕೊರತೆಗಳಿಲ್ಲದ ವ್ಯಕ್ತಿಯಲ್ಲ. 1760ರಲ್ಲಿ ನಡೆದ ವಿವಾಹದಲ್ಲಿ ನೆಮ್ಮದಿಯಿರಲಿಲ್ಲ, ಮಕ್ಕಳಾಗಲಿಲ್ಲ. ಅವರು ಒಲಿದಿದ್ದ ಯುವತಿ ಕನ್ಯಾಮಠ ಸೇರಿದ ಬಳಿಕ ಆಕೆಯ ಅಕ್ಕನನ್ನು ವರಿಸಿದ್ದರು. ಮುಂದೆ ಒಪೆರಾ ಗಾಯಕಿಯೊಬ್ಬರೊಂದಿಗೆ ಅವರ ಸಂಬಂಧ ಬೆಳೆದದ್ದನ್ನೂ ಚರಿತ್ರೆ ಮುಚ್ಚಿಟ್ಟಿಲ್ಲ.

ಕಡಲಾಚೆಯ ಪಯಣ

1779ರ ಹೊಸ ಕರಾರಿನಲ್ಲಿ ರಚನೆಗಳ ಮೇಲಿನ ನಿರ್ಬಂಧ ಬಿದ್ದುಹೋಯಿತು. ಹೈಡನ್ ಹೆಸರು ಯುರೋಪಿನಾದ್ಯಂತ ಹಬ್ಬಿತು. 1790ರ ಸೆಪ್ಟೆಂಬರ್‌ನಲ್ಲಿ ನಿಕೊಲಾಸ್ ತೀರಿಕೊಂಡರು. ಉತ್ತರಾಧಿಕಾರಿ ವಾದ್ಯವೃಂದದ ಬಹುಪಾಲನ್ನು ವಿಸರ್ಜಿಸಿದರು. ಆಗ ಲಂಡನ್ನಿನ ಸಂಗೀತ ಕಛೇರಿಗಳ ಸಂಘಟಕ ಸಾಲೊಮನ್ ವಿಯೆನ್ನಾಕ್ಕೆ ಬಂದು ಹೈಡನ್‌ರನ್ನು ಆಹ್ವಾನಿಸಿದರು. ವಯಸ್ಸು 58, ಇಂಗ್ಲಿಷ್ ಬಾರದು, ಸಮುದ್ರ ಕಂಡವರಲ್ಲ. ಆತ್ಮೀಯ ಮಿತ್ರ ಮೊಜಾರ್ಟ್ ಆತಂಕಪಟ್ಟರೂ ಹೈಡನ್ ಹೊರಟರು. 1791ರ ಜನವರಿ 1ರಂದು ಕಡಲು ದಾಟಿದರು. ಅವರು ಲಂಡನ್ನಿನಲ್ಲಿರುವಾಗಲೇ, ಅದೇ ವರ್ಷದ ಡಿಸೆಂಬರ್ 5ರಂದು, 35 ವರ್ಷದ ಮೊಜಾರ್ಟ್ ನಿಧನರಾದರು. ಆ ವಿದಾಯವೇ ಕೊನೆಯ ಭೇಟಿಯಾಗಿತ್ತು.

1795ರವರೆಗೆ ಎರಡು ಬಾರಿ ನಡೆಸಿದ ಈ ಪ್ರವಾಸಗಳಿಗಾಗಿ 12 ಸಿಂಫನಿಗಳು ಹುಟ್ಟಿದವು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಿತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹ್ಯಾಂಡೆಲ್‌ರ ಸಂಗೀತ ಕೇಳಿ ಬೆರಗಾದರು. ಸೇಂಟ್ ಪಾಲ್ಸ್ ಪ್ರಧಾನಾಲಯದಲ್ಲಿ ಧರ್ಮಶಾಲೆಗಳ ಸಾವಿರಾರು ಬಡ ಮಕ್ಕಳು ಒಟ್ಟಾಗಿ ಹಾಡಿದ ಸರಳ ಸ್ತುತಿಗೀತೆ ಅವರ ಮನವನ್ನು ಕಲಕಿತು. ಖಗೋಳ ವಿಜ್ಞಾನಿ ಹರ್ಷೆಲ್ ಅವರ ಬೃಹತ್ ದೂರದರ್ಶಕವನ್ನೂ ನೋಡಿ ಬಂದರು. ದಾರಿಯಲ್ಲಿ ಬಾನ್ ನಗರದಲ್ಲಿ ಪರಿಚಯವಾದ ತರುಣ ಬೀಥೋವನ್ 1792ರಲ್ಲಿ ಅವರ ಶಿಷ್ಯನಾದರು.

ಜಪಸರ ಹಿಡಿದ ಕೈ

ಹೈಡನ್ ತಮ್ಮ ಹಸ್ತಪ್ರತಿಗಳ ಆರಂಭದಲ್ಲಿ ಪ್ರಭುವಿನ ನಾಮವನ್ನೂ ಅಂತ್ಯದಲ್ಲಿ ದೇವರಿಗೆ ಸ್ತುತಿಯನ್ನೂ ಲತೀನ್ ಭಾಷೆಯಲ್ಲಿ ಬರೆಯುತ್ತಿದ್ದರು. ರಚನೆ ಮುಂದುವರಿಯದಿದ್ದರೆ ಜಪಸರ ಹಿಡಿದು ಕೋಣೆಯಲ್ಲಿ ಅತ್ತಿತ್ತ ನಡೆಯುತ್ತಿದ್ದರಂತೆ. ವಿಯೆನ್ನಾದಲ್ಲಿ ನೆಲೆಸಿದ ಮೇಲೆ ಅವರ ದಿನಚರಿ ಗಡಿಯಾರದಂತೆ ಇತ್ತು. ಬೆಳಿಗ್ಗೆ ಆರೂವರೆಗೆ ಎದ್ದು ಪಾಠ, ಎಂಟಕ್ಕೆ ಉಪಾಹಾರ, ಬಳಿಕ ಕೀಲಿಮಣೆಯ ಮುಂದೆ ಕುಳಿತು ಹೊಸ ಸ್ವರಗಳ ಹುಡುಕಾಟ, ಬೆಳಿಗ್ಗೆ ಗೀಚಿದ್ದನ್ನು ಸಂಜೆ ನಾಲ್ಕರಿಂದ ಎಂಟರವರೆಗೆ ವಾದ್ಯವೃಂದಕ್ಕೆ ವಿಸ್ತರಿಸುವ ಕೆಲಸ.

ಈ ಶಿಸ್ತಿನಲ್ಲೇ ಇಳಿವಯಸ್ಸಿನ ಮಹಾಕೃತಿಗಳು ಅರಳಿದವು. 1796 ಮತ್ತು 1802ರ ನಡುವೆ ಆರು ಬಲಿಪೂಜೆಗಳಿಗೆ ಸಂಗೀತ ನೀಡಿದರು. 1798ರಲ್ಲಿ 'ಸೃಷ್ಟಿ' ಎಂಬ ಓರೆಟೋರಿಯೊ ವಿಯೆನ್ನಾದಲ್ಲಿ ಮೊದಲು ಕೇಳಿಬಂತು. ಹೈಡನ್ ಇದರ ಪ್ರದರ್ಶನಗಳನ್ನು ಸಂಗೀತಗಾರರ ವಿಧವೆಯರು ಮತ್ತು ಅನಾಥ ಮಕ್ಕಳ ನಿಧಿಗಾಗಿ ಸ್ವತಃ ನಿರ್ದೇಶಿಸಿದರು. ಈ ನಿಧಿಯ ಸಂಘ 1779ರಲ್ಲಿ ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಕಠಿಣ ಷರತ್ತು ಹಾಕಿತ್ತು, ಹೈಡನ್ ನೊಂದು ಹಿಂದೆ ಸರಿದಿದ್ದರು. ಹಳೆಯ ಆ ನೋವು ಬಡ ಕುಟುಂಬಗಳಿಗೆ ನೆರವಾಗುವುದನ್ನು ತಡೆಯಲಿಲ್ಲ.

1808ರ ಮಾರ್ಚ್ 27ರಂದು 'ಸೃಷ್ಟಿ'ಯ ಪ್ರದರ್ಶನಕ್ಕೆ ಕೃಶರಾಗಿದ್ದ ಹೈಡನ್‌ರನ್ನು ಕುರ್ಚಿಯಲ್ಲಿ ಹೊತ್ತು ತಂದರು. ಬೆಳಕು ಮೂಡುವ ಭಾಗದಲ್ಲಿ ಸಭೆ ಕರತಾಡನ ಮಾಡಿದಾಗ ಅವರು ಕೈಯನ್ನು ಮೇಲಕ್ಕೆತ್ತಿ ಆಕಾಶದತ್ತ ತೋರಿಸಿದರು. ಮರುವರ್ಷ ನೆಪೋಲಿಯನ್ನನ ಸೇನೆ ವಿಯೆನ್ನಾವನ್ನು ಆಕ್ರಮಿಸಿತು. ಫಿರಂಗಿ ಗುಂಡೊಂದು ಮನೆಯ ಸಮೀಪವೇ ಬಿದ್ದಾಗ ಹೆದರಿದ ಸೇವಕರಿಗೆ ಧೈರ್ಯ ಹೇಳಿದವರು ಮುದುಕ ಯಜಮಾನರೇ. 1809ರ ಮೇ 31ರಂದು ಅವರು ಕಣ್ಣುಮುಚ್ಚಿದರು. ಇಂದು ಐಸೆನ್‌ಸ್ಟಾಟ್‌ನ ದೇವಾಲಯದಲ್ಲಿ ಅವರ ಸಮಾಧಿಯಿದೆ.

ಹೈಡನ್‌ಗೆ ತಮ್ಮ ಕೆಲಸವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಬಹುಕಾಲ ಸಿಗಲಿಲ್ಲ. ಆದರೆ ಕೊಟ್ಟ ಕೆಲಸವನ್ನು ಹೇಗೆ ಮಾಡಬೇಕು, ಜತೆಗಿರುವವರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ಅವರ ಕೈಯಲ್ಲೇ ಇತ್ತು. ನಮ್ಮಲ್ಲಿ ಬಹುತೇಕರ ಬದುಕೂ ಮತ್ತೊಬ್ಬರ ಸಮಯಪಟ್ಟಿಯಲ್ಲಿಯೇ ಸಾಗುತ್ತದೆ. ಬೇಸರ ಬಂದ ದಿನ ಆ ಎರಡು ಪಿಟೀಲುಗಳ ಮೆಲುದನಿಯನ್ನು ನಾವೊಮ್ಮೆ ಕೇಳಿಸಿಕೊಳ್ಳೋಣ.